ಬಾಣಂತಿಯ ಆಯಾಸವೂ ಕಂಠದ ಗ್ರಂಥಿಯೂ

ಹೆರಿಗೆಯಾದ ಮಗಳಿಗೆ ತವರುಮನೆಯಲ್ಲಿ ಮೂರು ತಿಂಗಳೋ ಐದು ತಿಂಗಳೋ ಬಾಣಂತನ ನಡೆಯಿಸುವುದು ಕನ್ನಡನಾಡಿನ ಗೃಹಸ್ಥರಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಎಣ್ಣೆನೀರು, ಪಥ್ಯದ ಊಟ, ಸಾಂಬ್ರಾಣಿಯ ಹೊಗೆ, ಹಿರಿಯ ಹೆಂಗಸರ ಎಚ್ಚರ, ಇವುಗಳ ನಡುವೆ ಆ ಕಾಲವು ಕಳೆದುಹೋಗುತ್ತದೆ. ಅವಧಿಯು ಮುಗಿದು, ಕೂಸನ್ನೆತ್ತಿಕೊಂಡು ಗಂಡನ ಮನೆಯ ಹೊಸ್ತಿಲನ್ನು ದಾಟಿದೊಡನೆ ಆಕೆಯು ಸಂಪೂರ್ಣವಾಗಿ ಗುಣವಾದಳೆಂದೇ ಲೋಕದ ಎಣಿಕೆ. ಆದರೆ ಕೆಲವು ಮಂದಿ ತಾಯಂದಿರಿಗೆ ಕಷ್ಟವು ಮೊದಲಾಗುವುದೇ ಆಗ. ಬೆಳಗ್ಗೆ ಏಳಲಾರಳು, ಎದ್ದರೆ ಕೈಕಾಲು ಭಾರ, ಇತರರು ಸೆಕೆಯೆನ್ನುತ್ತಿರುವಾಗ ಈಕೆಗೆ ಚಳಿ, ತಲೆಗೂದಲು ಹಿಡಿಹಿಡಿಯಾಗಿ ಉದುರುತ್ತದೆ, ಉಣ್ಣುವುದು ಅಲ್ಪವಾದರೂ ಮೈ ಇಳಿಯದೆ ಏರುತ್ತದೆ, ಈಗ ಹೇಳಿದ ಮಾತು ಈಗಲೇ ಮರೆತುಹೋಗುತ್ತದೆ. ಮನೆಯವರು ಇದಕ್ಕೆ ಸೋಮಾರಿತನವೆಂದು ಹೆಸರಿಡುವರು. ತವರಿನ ತುಪ್ಪದ ಫಲವೆಂದು ಹಾಸ್ಯಮಾಡುವರು. ಕಡೆಗೆ ಆಕೆಯೂ ಅದನ್ನೇ ನಂಬುವಳು. ಇಂತಹವರಲ್ಲಿ ಕೆಲವರ ವಿಷಯದಲ್ಲಿ ದೋಷವಿರುವುದು ಆಕೆಯ ನಡತೆಯಲ್ಲಲ್ಲ, ಕಂಠದಲ್ಲಿರುವ ಒಂದು ಚಿಕ್ಕ ಗ್ರಂಥಿಯಲ್ಲಿ. ಇದು ವೈದ್ಯಶಾಸ್ತ್ರಕ್ಕೆ ತಿಳಿದುಬಂದ ಬಗೆಯು ದೀರ್ಘವೂ ವಿಚಿತ್ರವೂ ಆದ ಒಂದು ಚರಿತ್ರೆ.

ಸೂತಿಕೆಯ ವ್ಯಾಧಿಯನ್ನು ಹಗುರವಾಗಿ ಎಣಿಸಬಾರದೆಂಬುದನ್ನು ಈ ದೇಶದ ಪ್ರಾಚೀನ ವೈದ್ಯರು ಚೆನ್ನಾಗಿ ಅರಿತಿದ್ದರು. ಸೂತಿಕೆಗೆ ಬಂದ ರೋಗವು ಕೃಚ್ಛ್ರಸಾಧ್ಯವಾಗುವುದು, ಇಲ್ಲವೆ ಅಸಾಧ್ಯವೇ ಆಗುವುದೆಂದು ಚರಕಸಂಹಿತೆಯ ಶಾರೀರಸ್ಥಾನವು ಎಚ್ಚರಿಸುತ್ತದೆ. ಗರ್ಭವು ಬೆಳೆಯುವಾಗ ಧಾತುಗಳೆಲ್ಲ ಶಿಥಿಲವಾಗಿ, ಪ್ರಸವವೇದನೆಯಿಂದಲೂ ರಕ್ತಸ್ರಾವದಿಂದಲೂ ಶರೀರವು ಬರಿದಾಗಿರುವುದೇ ಅದಕ್ಕೆ ಹೇಳಿರುವ ಕಾರಣ. ಕಂಠದ ಗ್ರಂಥಿಯು ಊದಿಕೊಳ್ಳುವ ಗಳಗಂಡದ ಲಕ್ಷಣಗಳು ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿವೆ. ಅತಿಸ್ಥೂಲತೆಯನ್ನು ಕುರಿತ ವಿಚಾರವು ಚರಕರ ಸೂತ್ರಸ್ಥಾನದಲ್ಲಿ ಬಂದಿದೆ. ಅಲ್ಲಿ ಅತಿಸ್ಥೂಲನನ್ನು ಎಂಟು ಬಗೆಯ ನಿಂದಿತರಲ್ಲಿ ಒಬ್ಬನೆಂದು ಎಣಿಸಿದೆ. ಹೀಗೆ ಸೂತಿಕೆ, ಗಳಗಂಡ, ಸ್ಥೌಲ್ಯ ಎಂಬ ಮೂರು ಮಣಿಗಳೂ ಅಲ್ಲಿ ಉಂಟು. ಅವನ್ನು ಪೋಣಿಸುವ ದಾರ ಮಾತ್ರ ಇಲ್ಲ. ಇದ್ದಿತೆಂದು ಬಲವಂತದಿಂದ ಅರ್ಥಮಾಡುವುದು ಗ್ರಂಥಕಾರರಿಗೆ ಮಾಡುವ ಗೌರವವೂ ಅಲ್ಲ. ಆ ಗ್ರಂಥಿಯ ರಸವು ಯಾವ ನಾಳದ ಮೂಲಕವೂ ಹೊರಕ್ಕೆ ಹರಿಯದೆ ನೇರವಾಗಿ ರಕ್ತದಲ್ಲಿಯೇ ಬೆರೆಯುವುದರಿಂದ, ಬರಿಗಣ್ಣಿಗೆ ಅದರ ಕಾರ್ಯವು ಗೋಚರವಾಗುವಂತಿರಲಿಲ್ಲ.

ಯೂರೋಪಿನಲ್ಲಿಯೂ ಬಹುಕಾಲ ಇದೇ ಸ್ಥಿತಿಯಿದ್ದಿತು. ೧೬೫೬ರಲ್ಲಿ ಥಾಮಸ್ ವಾರ್ಟನ್ ಎಂಬ ಇಂಗ್ಲಿಷ್ ವೈದ್ಯರು ಶರೀರದ ಗ್ರಂಥಿಗಳನ್ನು ಕುರಿತು ಒಂದು ಗ್ರಂಥವನ್ನು ಬರೆದು, ಕಂಠದ ಈ ಗ್ರಂಥಿಗೆ ಥೈರಾಯ್ಡ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಗುರಾಣಿಗಿರುವ ಹೆಸರಿನಿಂದ ಬಂದ ಮಾತಿದು. ಅದರ ಪ್ರಯೋಜನಗಳನ್ನು ಎಣಿಸುವಾಗ, ಕಂಠಕ್ಕೆ ದುಂಡಗಿನ ಅಂದವನ್ನು ಕೊಡುವುದೂ ಒಂದೆಂದೂ, ಸ್ತ್ರೀಯರಲ್ಲಿ ಅದು ಹಿರಿದಾಗಿರುವುದು ಈ ಕಾರಣದಿಂದಲೇ ಎಂದೂ ಅವರು ಊಹಿಸಿದರು. ಶರೀರದ ಶಾಖವನ್ನೂ ಹೃದಯದ ಬಡಿತವನ್ನೂ ಬುದ್ಧಿಯ ಚುರುಕನ್ನೂ ಹತೋಟಿಯಲ್ಲಿಡುವ ಅವಯವವು ಇನ್ನೂರು ವರ್ಷಗಳ ಕಾಲ ಒಂದು ಆಭರಣವೆನಿಸಿಕೊಂಡಿತು.

ಈ ಆಭರಣವು ಕೆಟ್ಟರೆ ಏನಾಗುವುದೆಂಬುದರ ಮೊದಲ ಸೂಚನೆ ಮಕ್ಕಳಲ್ಲಿ ಕಂಡಿತು. ೧೮೫೦ರಲ್ಲಿ ಲಂಡನ್ನಿನ ಥಾಮಸ್ ಕರ್ಲಿಂಗರು ಬುದ್ಧಿಯೂ ದೇಹವೂ ಬೆಳೆಯದೆ ತೀರಿಕೊಂಡ ಇಬ್ಬರು ಮಕ್ಕಳಲ್ಲಿ ಈ ಗ್ರಂಥಿಯು ಇರಲೇ ಇಲ್ಲವೆಂದು ಪ್ರಕಟಿಸಿದರು. ಇಪ್ಪತ್ತಮೂರು ವರ್ಷಗಳ ತರುವಾಯ, ೧೮೭೩ರಲ್ಲಿ, ಅದೇ ನಗರದ ಗೈಸ್ ಆಸ್ಪತ್ರೆಯ ಪ್ರಸಿದ್ಧ ವೈದ್ಯರಾದ ಸರ್ ವಿಲಿಯಂ ಗಲ್ಲರು ಕ್ಲಿನಿಕಲ್ ಸೊಸೈಟಿಯ ಮುಂದೆ ಒಂದು ಪ್ರಬಂಧವನ್ನೋದಿದರು. ಅದರ ವಿಷಯ, ವಯಸ್ಸಿಗೆ ಬಂದ ಸ್ತ್ರೀಯರಲ್ಲಿ ತೋರುವ ಒಂದು ವಿಕಾರ. ಐವರು ಸ್ತ್ರೀಯರನ್ನು ಅವರು ನೋಡಿದ್ದರು. ಮುಖವು ದುಂಡಗಾಗಿ ಅಗಲವಾಗಿ, ನಾಲಗೆಯು ದಪ್ಪನಾಗಿ, ಮಾತು ತೊಡರುತ್ತ, ಅಂಗೈಗಳು ಅಗಲಿಸಿ, ಮೈಯೆಲ್ಲ ತುಂಬಿಕೊಂಡಿದ್ದಿತು. ಮೊದಲು ಚಟುವಟಿಕೆಯಿಂದಿದ್ದವರು ಜಡವಾದ ಒಂದು ಶಾಂತತೆಗೆ ಇಳಿದಿದ್ದರು. ಕಾರಣವು ಗಲ್ಲರಿಗೆ ತಿಳಿಯಲಿಲ್ಲ. ಆದರೆ ಸ್ತ್ರೀಯರ ಆಲಸ್ಯವೆಂದು ಲೋಕವು ತಳ್ಳಿಹಾಕಬಹುದಾಗಿದ್ದ ಸ್ಥಿತಿಯನ್ನು ವ್ಯಾಧಿಯೆಂದು ಗುರುತಿಸಿ, ವೈದ್ಯಸಭೆಯಲ್ಲಿ ಅದಕ್ಕೊಂದು ಸ್ಥಾನವನ್ನು ದೊರಕಿಸಿಕೊಟ್ಟದ್ದು ಅವರ ಹಿರಿಮೆ. ೧೮೭೭ರಲ್ಲಿ ವಿಲಿಯಂ ಆರ್ಡ್ ಎಂಬವರು ಇಂತಹ ರೋಗಿಗಳ ಊತವನ್ನು ಪರೀಕ್ಷಿಸಿದರು. ಸಾಮಾನ್ಯವಾದ ಬಾವನ್ನು ಬೆರಳಿನಿಂದ ಒತ್ತಿದರೆ ಕುಳಿಬೀಳುವುದು; ಇದರಲ್ಲಿ ಬೀಳುತ್ತಿರಲಿಲ್ಲ. ಚರ್ಮದ ಕೆಳಗೆ ಲೋಳೆಯಂತಹ ಪದಾರ್ಥವು ಸೇರಿಕೊಂಡಿದೆಯೆಂದು ಭಾವಿಸಿ, ಅವರು ರೋಗಕ್ಕೆ ಮಿಕ್ಸಿಡೀಮಾ ಎಂದು ನಾಮಕರಣಮಾಡಿದರು. ಮರಣಾನಂತರದ ಪರೀಕ್ಷೆಯಲ್ಲಿ ಥೈರಾಯ್ಡ್ ಗ್ರಂಥಿಯು ಕುಗ್ಗಿ ನಾರಾಗಿದ್ದುದೂ ಅವರಿಗೆ ಕಂಡುಬಂದಿತು.

ಗ್ರಂಥಿಯ ಕ್ಷಯವು ರೋಗಕ್ಕೆ ಕಾರಣವೋ, ರೋಗದ ಫಲವೋ? ಈ ಸಂಶಯವನ್ನು ಪರಿಹರಿಸಿದುದು ಒಂದು ದುಃಖಕರವಾದ ಅನುಭವ. ಗಳಗಂಡವು ಬಹಳವಾಗಿದ್ದ ಸ್ವಿಟ್ಸರ್ಲೆಂಡ್ ದೇಶದ ಬರ್ನ್ ನಗರದಲ್ಲಿ ಥಿಯೊಡೋರ್ ಕೋಖರ್ ಎಂಬ ನಿಪುಣ ಶಸ್ತ್ರವೈದ್ಯರಿದ್ದರು. ೧೮೭೪ರಲ್ಲಿ ಅವರು ಹನ್ನೊಂದು ವರ್ಷದ ಒಬ್ಬ ಹುಡುಗಿಯ ಊದಿದ ಗ್ರಂಥಿಯನ್ನು ಪೂರ್ತಿಯಾಗಿ ಕತ್ತರಿಸಿ ತೆಗೆದರು. ಗಾಯವು ಮಾಯಿತು; ಎಲ್ಲರೂ ಮೆಚ್ಚಿದರು. ಅಲ್ಪಕಾಲದಲ್ಲಿಯೇ ಹುಡುಗಿಯ ಸ್ವಭಾವವು ಬದಲಾಯಿತೆಂದು ಊರಿನ ವೈದ್ಯರು ತಿಳಿಸಿದರು. ಒಂಬತ್ತು ವರ್ಷಗಳ ಮೇಲೆ, ೧೮೮೩ರಲ್ಲಿ, ಕೋಖರರು ಆಕೆಯನ್ನು ಮತ್ತೆ ಕಂಡರು. ಹಿಂದೆ ಇವಳಾರು, ತಂಗಿಯಾರು ಎಂದು ಜನರು ತಪ್ಪುತಿಳಿಯುವಷ್ಟು ಹೋಲಿಕೆಯಿದ್ದಿತಂತೆ. ಈಗ ತಂಗಿಯು ಚೆಲುವೆಯಾದ ತರುಣಿಯಾಗಿ ಬೆಳೆದಿದ್ದಳು, ಅಕ್ಕನು ಕುಳ್ಳಾಗಿಯೇ ಉಳಿದು ಮಂದಬುದ್ಧಿಯವಳಾಗಿದ್ದಳು. ಕಳವಳಗೊಂಡ ಕೋಖರರು ಹಳೆಯ ರೋಗಿಗಳನ್ನೆಲ್ಲ ಕರೆಯಿಸಿದರು. ಗ್ರಂಥಿಯನ್ನು ಪೂರ್ತಿ ಕಳೆದುಕೊಂಡು ಪರೀಕ್ಷೆಗೆ ಬಂದ ಹದಿನೆಂಟು ಮಂದಿಯಲ್ಲಿ ಹದಿನಾರು ಮಂದಿಗೆ ಇದೇ ದುರ್ಗತಿ ಬಂದಿದ್ದಿತು. ಅವರು ಅದನ್ನು ಮುಚ್ಚಿಡಲಿಲ್ಲ. ತಮ್ಮ ಕೈಯಿಂದಾದ ಹಾನಿಯನ್ನು ಅಂಕೆಗಳೊಡನೆ ವೈದ್ಯಸಭೆಯ ಮುಂದಿಟ್ಟರು. ಜಿನೀವಾದ ರೆವರ್ಡಿನ್ ಎಂಬವರು ಹಿಂದಿನ ವರ್ಷವೇ ಇಂತಹ ಅನುಭವವನ್ನು ಹೇಳಿದ್ದರು. ಕೋಖರರಿಗೆ ೧೯೦೯ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಅವರ ಶಸ್ತ್ರಕೌಶಲಕ್ಕಿಂತ ಆ ಸತ್ಯನಿಷ್ಠೆಯೇ ಲೋಕಕ್ಕೆ ಹೆಚ್ಚು ಉಪಕಾರಮಾಡಿತೆಂದರೂ ತಪ್ಪಿಲ್ಲ.

ಗಲ್ಲರು ಕಂಡ ಸ್ತ್ರೀಯರ ಜಾಡ್ಯ, ಆಲ್ಪ್ಸ್ ಕಣಿವೆಗಳ ಬೆಳೆಯದ ಮಕ್ಕಳು, ಕೋಖರರ ರೋಗಿಗಳು, ಈ ಮೂರೂ ಒಂದೇ ಮೂಲದವೆಂದು ೧೮೮೩ರಲ್ಲಿ ಫೆಲಿಕ್ಸ್ ಸೀಮನ್ ಎಂಬವರು ಲಂಡನ್ನಿನ ಕ್ಲಿನಿಕಲ್ ಸೊಸೈಟಿಯಲ್ಲಿ ಹೇಳಿದರು. ಸೊಸೈಟಿಯು ಒಂದು ಸಮಿತಿಯನ್ನು ನೇಮಿಸಿತು. ಅದು ನೂರಕ್ಕೂ ಹೆಚ್ಚು ರೋಗಿಗಳ ವೃತ್ತಾಂತವನ್ನು ಕೂಡಿಸಿ, ೧೮೮೮ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ರೋಗಿಗಳಲ್ಲಿ ಬಹುಮಂದಿ ಸ್ತ್ರೀಯರು. ಥೈರಾಯ್ಡ್ ಗ್ರಂಥಿಯ ನಾಶವೇ ಮೂರಕ್ಕೂ ಮೂಲವೆಂದು ಸಮಿತಿಯು ಒಪ್ಪಿತು. ಆದರೆ ಚಿಕಿತ್ಸೆಯ ಹೆಸರಿನಲ್ಲಿ ಹೇಳುವುದಕ್ಕೆ ಏನೂ ಇರಲಿಲ್ಲ.

ಚಿಕಿತ್ಸೆಯ ದಾರಿಯು ತೆರೆದದ್ದು ಪೋರ್ತುಗಲ್ಲಿನಲ್ಲಿ. ಕುರಿಯ ಗ್ರಂಥಿಯನ್ನು ರೋಗಿಯ ಶರೀರದಲ್ಲಿ ನೆಡಬಹುದೆಂದು ಲಂಡನ್ನಿನ ವಿಕ್ಟರ್ ಹಾರ್ಸ್ಲಿಯವರು ೧೮೯೦ರಲ್ಲಿ ಸೂಚಿಸಿದರು. ಅದೇ ವರ್ಷ ಲಿಸ್ಬನ್ನಿನ ಇಬ್ಬರು ವೈದ್ಯರು ಹಾಗೆಯೇ ಮಾಡಿದರು. ಅವರ ರೋಗಿಗೆ ಕೂಡಲೇ ಗುಣವು ಕಾಣಿಸಿತು. ನೆಟ್ಟ ಗ್ರಂಥಿಯು ಬೇರೂರಲು ಕಾಲಬೇಕು; ಗುಣವು ಇಷ್ಟು ಬೇಗ ತೋರಿದುದರಿಂದ, ಗ್ರಂಥಿಯಲ್ಲಿದ್ದ ರಸವು ರಕ್ತಕ್ಕೆ ಸೇರಿದುದೇ ಅದಕ್ಕೆ ಕಾರಣವಾಗಿರಬೇಕೆಂದು ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಜಾರ್ಜ್ ಮರ್ರೆ ಎಂಬ ತರುಣ ವೈದ್ಯರು ತರ್ಕಿಸಿದರು. ಹಾಗಾದರೆ ನೆಡುವುದೇಕೆ, ರಸವನ್ನೇ ತೆಗೆದು ಕೊಡಬಾರದೇಕೆ? ಈ ಆಲೋಚನೆಯನ್ನು ೧೮೯೧ರ ಮೊದಲಲ್ಲಿ ಸ್ಥಳೀಯ ವೈದ್ಯಸಭೆಯೊಂದರಲ್ಲಿ ಹೇಳಿದಾಗ, ಹಿರಿಯರೊಬ್ಬರು ಬೆನ್ನುಹುರಿಯ ರೋಗಕ್ಕೆ ಬೆನ್ನುಹುರಿಯನ್ನೇ ಅರೆದು ಕುಡಿಸಬಹುದಲ್ಲವೆ ಎಂಬರ್ಥದಲ್ಲಿ ಪರಿಹಾಸಮಾಡಿದರು. ಮರ್ರೆಯವರಿಗೆ ಆಗ ಇಪ್ಪತ್ತೈದು ವರ್ಷ ವಯಸ್ಸು; ಅವರು ಹಿಂಜರಿಯಲಿಲ್ಲ. ಆಗತಾನೇ ಕೊಂದ ಕುರಿಯ ಗ್ರಂಥಿಯನ್ನು ಸಣ್ಣಗೆ ಹೆಚ್ಚಿ, ಗ್ಲಿಸರಿನ್ನಿನಲ್ಲಿಯೂ ಕಾರ್ಬಾಲಿಕ್ ಆಮ್ಲದ ನೀರಿನಲ್ಲಿಯೂ ನೆನೆಯಿಟ್ಟು, ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ನಯವಾದ ಕರವಸ್ತ್ರದಲ್ಲಿ ಹಿಂಡಿ, ಬಂದ ರಸವನ್ನು ಸೂಜಿಯ ಮೂಲಕ ಚರ್ಮದ ಕೆಳಗೆ ಸೇರಿಸಿದರು.

ಆ ಮೊದಲ ರೋಗಿಯು ನಲವತ್ತಾರು ವರ್ಷದ ಒಬ್ಬ ಗೃಹಿಣಿ. ಕೆಲವು ವರ್ಷಗಳಿಂದ ಆಕೆಯ ಮಾತೂ ಕೆಲಸವೂ ನಿಧಾನವಾಗಿದ್ದುವು, ಚಳಿಯನ್ನು ತಡೆಯಲಾರಳು, ಹೊಸಬರ ಮುಖವನ್ನು ನೋಡಲು ಸಂಕೋಚ. ಚಿಕಿತ್ಸೆಯಾದ ಕೆಲವು ತಿಂಗಳಲ್ಲಿ ಊತವಿಳಿಯಿತು, ಮಾತು ತೀವ್ರವಾಯಿತು, ಆಕೆಯು ಹಿಂಜರಿಯದೆ ಬೀದಿಯಲ್ಲಿ ನಡೆದಾಡತೊಡಗಿದಳು. ಮುಂದೆ ಔಷಧವನ್ನು ಬಾಯಿಯಿಂದಲೇ ಸೇವಿಸುತ್ತ ಆಕೆಯು ಇನ್ನೂ ಇಪ್ಪತ್ತೆಂಟು ವರ್ಷ ಬದುಕಿ, ೧೯೧೯ರಲ್ಲಿ ತನ್ನ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ಕಾಲಕ್ಕೆ ೮೭೦ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಆಕೆಗೆ ಬೇಕಾಗಿದ್ದುವೆಂದು ಮರ್ರೆಯವರೇ ಲೆಕ್ಕಹಾಕಿದ್ದಾರೆ. ಸೋಮಾರಿತನಕ್ಕೆ ಕುರಿಯ ಗ್ರಂಥಿಯಲ್ಲಿ ಮದ್ದಿಲ್ಲ. ಮದ್ದು ಹಿಡಿಯಿತೆಂದರೆ ಅದು ರೋಗವೇ ಸರಿ. ಆ ಗೃಹಿಣಿಯ ಉಳಿದ ಆಯುಷ್ಯವೆಲ್ಲ ಈ ಮಾತಿಗೆ ಸಾಕ್ಷಿಯಾಗಿ ನಿಂತಿತು.

೧೮೯೨ರಲ್ಲಿ ಸೂಜಿಯೇ ಬೇಡ, ಗ್ರಂಥಿಯನ್ನು ತಿಂದರೂ ಸಾಕೆಂದು ತಿಳಿಯಿತು. ಪ್ಲಿಮತ್ತಿನ ಫಾಕ್ಸ್ ಎಂಬ ವೈದ್ಯರು ಅದನ್ನು ಹದವಾಗಿ ಹುರಿದು ಹಣ್ಣಿನ ಪಾಕದೊಡನೆ ಕೊಡುತ್ತಿದ್ದರು. ಬಳಿಕ ಒಣಗಿಸಿದ ಪುಡಿಯೂ ಗುಳಿಗೆಯೂ ಬಂದುವು. ಅವುಗಳ ಬೆನ್ನಿಗೇ ಒಂದು ಅನರ್ಥವೂ ಬಂದಿತು. ಮಿಕ್ಸಿಡೀಮಾ ರೋಗಿಗಳ ತೂಕವು ಇಳಿಯುವುದನ್ನು ಕಂಡು, ಯಾವ ರೋಗವೂ ಇಲ್ಲದ ಸ್ಥೂಲಕಾಯರಿಗೂ ಈ ಗುಳಿಗೆಯನ್ನು ತಿನ್ನಿಸುವ ಪದ್ಧತಿಯು ಅದೇ ದಶಕದಲ್ಲಿ ಮೊದಲಾಯಿತು. ಗ್ರಂಥಿಯು ಸರಿಯಾಗಿರುವವರು ಇದನ್ನು ಮಿತಿಮೀರಿ ತಿಂದರೆ ಕೊಬ್ಬಿನೊಡನೆ ಮಾಂಸವೂ ಕರಗುವುದು, ಎದೆ ಡವಗುಟ್ಟುವುದು, ನಿದ್ರೆ ಹೋಗುವುದು, ಹೃದಯದ ತಾಳವೇ ತಪ್ಪುವುದು. ಕೊರತೆಯುಳ್ಳವಳಿಗೆ ಅಮೃತವಾದುದು ಕೊರತೆಯಿಲ್ಲದವಳಿಗೆ ವಿಷವಾಗಬಲ್ಲದೆಂಬ ಈ ಎಚ್ಚರವು ಇಂದಿಗೂ ಅವಶ್ಯವಾದುದು.

ರಸದ ಸ್ವರೂಪವನ್ನು ತಿಳಿಯುವ ಕೆಲಸವು ರಸಾಯನಶಾಸ್ತ್ರಜ್ಞರ ಪಾಲಿಗೆ ಬಂದಿತು. ಜರ್ಮನಿಯ ಬೌಮನ್ನರು ೧೮೯೫ರಲ್ಲಿ ಗ್ರಂಥಿಯಲ್ಲಿ ಅಯೋಡಿನ್ ಇರುವುದನ್ನು ಕಂಡುಹಿಡಿದರು. ಅಮೆರಿಕದ ಎಡ್ವರ್ಡ್ ಕೆಂಡಾಲರು ೧೯೧೪ರ ಕ್ರಿಸ್‌ಮಸ್ ದಿನ ಸಾರವನ್ನು ಹರಳುಗಳಾಗಿ ಬೇರ್ಪಡಿಸಿದರು. ಸುಮಾರು ಮೂರು ಟನ್ನು ಹಂದಿಯ ಗ್ರಂಥಿಗಳಿಂದ ಅವರಿಗೆ ದೊರೆತದ್ದು ೩೩ ಗ್ರಾಂ ಮಾತ್ರ. ಥೈರಾಕ್ಸಿನ್ ಎಂಬ ಆ ಸಾರದ ರಚನೆಯನ್ನು ಚಾರ್ಲ್ಸ್ ಹ್ಯಾರಿಂಗ್ಟನ್ನರು ೧೯೨೬ರಲ್ಲಿ ನಿರ್ಣಯಿಸಿ, ಮರುವರ್ಷ ಬಾರ್ಜರರೊಡನೆ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದರು. ಇಂದು ಔಷಧದಂಗಡಿಯಲ್ಲಿ ದೊರೆಯುವ ಚಿಕ್ಕ ಗುಳಿಗೆಯು ಈ ವಂಶಕ್ಕೆ ಸೇರಿದುದು.

ಆದರೆ ಊರಿನಲ್ಲಿ ಗಳಗಂಡವಿಲ್ಲದ, ಶಸ್ತ್ರವೂ ತಾಗದ ಸ್ತ್ರೀಯರ ಗ್ರಂಥಿಯು ತಾನಾಗಿಯೇ ಕುಗ್ಗುವುದೇಕೆ? ಆಹಾರದಲ್ಲಿ ಅಯೋಡಿನ್ ಕಡಮೆಯಾಗುವುದು ಒಂದು ಕಾರಣ. ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ೧೯೫೬ರಿಂದ ನಡೆಯಿಸಿದ ಪರೀಕ್ಷೆಗಳಲ್ಲಿ ಅಯೋಡಿನ್ ಬೆರೆತ ಉಪ್ಪಿನಿಂದ ಗಳಗಂಡವು ಇಳಿಯಿತು, ೧೯೬೨ರಲ್ಲಿ ಭಾರತ ಸರ್ಕಾರವು ಅದಕ್ಕಾಗಿ ರಾಷ್ಟ್ರೀಯ ಯೋಜನೆಯನ್ನು ಕೈಕೊಂಡಿತು. ಉಪ್ಪಿನಿಂದ ನೀಗದ ಇನ್ನೊಂದು ಕಾರಣದ ಸುಳಿವು ಜಪಾನಿನಲ್ಲಿ ಸಿಕ್ಕಿತು. ಫುಕುವೋಕದ ಹಕರು ಹಶಿಮೊಟೊ ಎಂಬ ತರುಣ ಶಸ್ತ್ರವೈದ್ಯರು ನಾಲ್ವರು ಸ್ತ್ರೀಯರ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ರೋಗಾಣುಗಳೊಡನೆ ಹೋರಾಡತಕ್ಕ ರಕ್ತದ ಬಿಳಿಯ ಕಣಗಳು ಗ್ರಂಥಿಯೊಳಗೆ ದಂಡುಕಟ್ಟಿ ನಿಂತಿದ್ದುವು. ೧೯೧೨ರಲ್ಲಿ ಅವರು ಇದನ್ನು ಪ್ರಕಟಿಸಿದರು. ಬಳಿಕ ತಮ್ಮ ಹಳ್ಳಿಗೆ ಹಿಂದಿರುಗಿ ವೈದ್ಯವೃತ್ತಿಯಲ್ಲಿದ್ದು, ೧೯೩೪ರಲ್ಲಿ ತೀರಿಕೊಂಡರು. ಅವರು ಕಂಡುದರ ಅರ್ಥವು ತಿಳಿದದ್ದು ೧೯೫೬ರಲ್ಲಿ. ಐವಾನ್ ರಾಯಿಟ್, ಡೆಬೊರಾ ಡೊನಿಯಾಕ್ ಮೊದಲಾದವರು ಲಂಡನ್ನಿನಲ್ಲಿ ಇಂತಹ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಶರೀರವು ತನ್ನ ಗ್ರಂಥಿಯನ್ನೇ ಪರಕೀಯವೆಂದು ಭ್ರಮಿಸಿ ಅದರ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸುತ್ತದೆಂದು ತೋರಿಸಿಕೊಟ್ಟರು. ಮನೆಯ ಕಾವಲುಗಾರನೇ ಮನೆಯವರ ಮೇಲೆ ಕೈಮಾಡಿದಂತಹ ಸ್ಥಿತಿಯಿದು.

ಬಾಣಂತಿಗೂ ಈ ಕಲಹಕ್ಕೂ ಇರುವ ಸಂಬಂಧವನ್ನು ಮೊದಲು ಗಮನಿಸಿದವರು ದೊಡ್ಡ ಆಸ್ಪತ್ರೆಯ ಪಂಡಿತರಲ್ಲ, ನ್ಯೂಜೀಲೆಂಡಿನಲ್ಲಿ ಮನೆಮನೆಯ ರೋಗಿಗಳನ್ನು ನೋಡುತ್ತಿದ್ದ ರಾಬರ್ಟನ್ ಎಂಬ ವೈದ್ಯರು. ಹೆರಿಗೆಯ ಬಳಿಕ ಬರುವ ಆಯಾಸ, ಚಳಿ, ಕೂದಲಿನ ವಿಕಾರ ಇವು ಥೈರಾಯ್ಡ್ ಸಾರದಿಂದ ಗುಣವಾಗುವುವೆಂದು ಅವರು ೧೯೪೮ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಬರೆದರು. ಸುಮಾರು ಮೂವತ್ತು ವರ್ಷ ಆ ಬರೆವಣಿಗೆಗೆ ಸಲ್ಲಬೇಕಾದ ಲಕ್ಷ್ಯವು ಸಲ್ಲಲಿಲ್ಲ. ರಕ್ತದಲ್ಲಿರುವ ಸೂಕ್ಷ್ಮವಾದ ಸ್ರಾವಗಳನ್ನು ಅಳೆಯುವ ಉಪಾಯವು ಸಿದ್ಧಿಸಿದ ಮೇಲೆ, ೧೯೭೬ರಿಂದೀಚೆಗೆ ಜಪಾನಿನ ಒಸಾಕ ನಗರದ ನೊಬುಯುಕಿ ಅಮಿನೊ ಮತ್ತು ಅವರ ಸಂಗಡಿಗರೂ, ಕೆನಡದ ಟೊರಾಂಟೊ ನಗರದ ವೈದ್ಯರೂ ಈ ವ್ಯಾಧಿಯನ್ನು ವಿಶದಪಡಿಸಿದರು. ಒಸಾಕದವರು ೫೦೭ ಮಂದಿ ತಾಯಂದಿರನ್ನು ಪರೀಕ್ಷಿಸಿ, ಶೇಕಡ ೫.೫ ಮಂದಿಯಲ್ಲಿ ಹೆರಿಗೆಯ ತರುವಾಯ ಗ್ರಂಥಿಯು ಕೆಟ್ಟುದನ್ನು ೧೯೮೨ರಲ್ಲಿ ಪ್ರಕಟಿಸಿದರು. ಇಪ್ಪತ್ತು ತಾಯಂದಿರಲ್ಲಿ ಒಬ್ಬಳೆಂದರೆ, ಅದು ಪ್ರತಿಯೊಂದು ಬೀದಿಯಲ್ಲಿಯೂ ಕಾಣಬಹುದಾದ ರೋಗವೆಂದೇ ಅರ್ಥ.

ಇದರ ಕ್ರಮವು ಹೀಗೆ. ತಾಯಿಯ ಉದರದಲ್ಲಿರುವ ಶಿಶುವು ಅರ್ಧ ತಂದೆಯ ಅಂಶವಾದುದರಿಂದ, ಅದನ್ನು ಹೊರತಳ್ಳದಂತೆ ಶರೀರದ ರಕ್ಷಣಶಕ್ತಿಯು ಗರ್ಭಕಾಲದಲ್ಲಿ ತನ್ನ ಬಿರುಸನ್ನು ಕಡಮೆಮಾಡಿಕೊಳ್ಳುತ್ತದೆ. ಹೆರಿಗೆಯಾದ ಮೇಲೆ ಆ ಶಕ್ತಿಯು ಮತ್ತೆ ತಲೆಯೆತ್ತುವಾಗ, ಮೊದಲೇ ಪ್ರತಿಕಾಯಗಳನ್ನು ಹೊಂದಿದ್ದವಳ ಗ್ರಂಥಿಯ ಮೇಲೆ ಎರಗುತ್ತದೆ. ಗ್ರಂಥಿಯು ಒಡೆದು, ಕೂಡಿಟ್ಟಿದ್ದ ರಸವು ಒಮ್ಮೆಗೇ ರಕ್ತಕ್ಕೆ ಚೆಲ್ಲುವುದರಿಂದ ಮೊದಲ ಕೆಲವು ತಿಂಗಳು ಎದೆಬಡಿತ, ತಳಮಳ, ಬೆವರು ತೋರಬಹುದು. ಅನೇಕರಿಗೆ ಇದು ತಿಳಿಯದೆಯೇ ಕಳೆಯುತ್ತದೆ. ಭಂಡಾರವು ಬರಿದಾದ ಮೇಲೆ, ಸಾಮಾನ್ಯವಾಗಿ ನಾಲ್ಕರಿಂದ ಎಂಟನೆಯ ತಿಂಗಳವರೆಗೆ, ರಸದ ಕೊರತೆ. ಬಾಣಂತನದ ಅವಧಿಯು ಮುಗಿದು ಸೂಲಗಿತ್ತಿಯೂ ತಾಯಿಯೂ ವೈದ್ಯರೂ ಕಣ್ಣುತೆಗೆದ ಕಾಲವೇ ಇದು. ಬಹುಮಂದಿಗೆ ವರ್ಷ ತುಂಬುವುದರೊಳಗಾಗಿ ಗ್ರಂಥಿಯು ಚೇತರಿಸಿಕೊಳ್ಳುತ್ತದೆ. ಕೆಲವರಿಗೆ ಕೊರತೆಯು ಶಾಶ್ವತವಾಗಿ ನಿಲ್ಲುತ್ತದೆ. ಚೇತರಿಸಿಕೊಂಡವರಲ್ಲಿಯೂ ಕೆಲವರಿಗೆ ವರ್ಷಗಳ ಮೇಲೆ ಅದು ಮರಳಿ ಬರುತ್ತದೆ.

ತೂಕದ ವಿಷಯದಲ್ಲಿ ಪಕ್ಷಪಾತವಿಲ್ಲದೆ ಹೇಳತಕ್ಕ ಮಾತೊಂದುಂಟು. ಈ ಕೊರತೆಯಿಂದ ಏರುವ ತೂಕವು ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕಿಲೋಗ್ರಾಂ. ಅದರಲ್ಲಿಯೂ ಬಹುಭಾಗವು ಕೊಬ್ಬಲ್ಲ, ಶರೀರವು ಹಿಡಿದಿಟ್ಟುಕೊಂಡ ಉಪ್ಪು ಮತ್ತು ನೀರು. ಆದುದರಿಂದ ಹೆರಿಗೆಯ ಮೇಲೆ ಏರಿದ ಮೈಯನ್ನೆಲ್ಲ ಗ್ರಂಥಿಯ ತಲೆಗೆ ಕಟ್ಟಲಾಗದು. ಗರ್ಭಕಾಲದಲ್ಲಿ ಕೂಡಿದ ಕೊಬ್ಬು, ನಿದ್ರೆಗೇಡು, ಬಾಣಂತನದ ಪುಷ್ಟಿಕರವಾದ ಆಹಾರ, ನಡಿಗೆಯಿಲ್ಲದಿರುವುದು ಇವಕ್ಕೂ ಅದರಲ್ಲಿ ಪಾಲುಂಟು. ಹೆರಿಗೆಯ ಬಳಿಕ ಕೂದಲುದುರುವುದು ಆರೋಗ್ಯವಂತರಲ್ಲಿಯೂ ಇರುವ ಸಂಗತಿ. ಆಯಾಸವು ರಕ್ತಹೀನತೆಯಿಂದಲೂ ಬರಬಹುದು. ಆದರೆ ಊಹೆಯಿಂದ ನಿರ್ಣಯಿಸಬೇಕಾದ ಕಾಲವು ಕಳೆದುಹೋಯಿತು. ಥೈರಾಯ್ಡ್ ರಸವು ಕಡಮೆಯಾದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಅದನ್ನು ಎಚ್ಚರಿಸುವ ಸ್ರಾವವನ್ನು ಹೆಚ್ಚಾಗಿ ಕಳುಹಿಸುತ್ತದೆ, ಟಿ.ಎಸ್.ಎಚ್. ಎಂಬ ಆ ಸ್ರಾವವನ್ನು ಸ್ವಲ್ಪ ರಕ್ತದಿಂದ ಅಳೆಯಬಹುದು. ಕೊರತೆಯು ಸ್ಥಿರಪಟ್ಟು ವೈದ್ಯರು ಗುಳಿಗೆಯನ್ನು ವಿಧಿಸಿದರೆ, ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಕಾಫಿಯನ್ನು ಸ್ವಲ್ಪ ಹೊತ್ತು ತಡೆಯಬೇಕು, ಕಬ್ಬಿಣದ ಮತ್ತು ಸುಣ್ಣದ ಗುಳಿಗೆಗಳನ್ನು ಕೆಲವು ಗಂಟೆ ದೂರವಿಡಬೇಕು. ಎದೆಹಾಲುಣ್ಣುವ ಕೂಸಿಗೆ ಅದರಿಂದ ಬಾಧಕವಿಲ್ಲ. ಮುಂದಿನ ಬಸಿರಿನಲ್ಲಿ ಈ ವೃತ್ತಾಂತವನ್ನು ವೈದ್ಯರಿಗೆ ಮೊದಲೇ ತಿಳಿಸುವುದು ಅತ್ಯವಶ್ಯ. ಗರ್ಭಸ್ಥ ಶಿಶುವಿನ ಮಿದುಳು ಮೊದಲ ತಿಂಗಳುಗಳಲ್ಲಿ ತಾಯಿಯ ಥೈರಾಯ್ಡ್ ರಸವನ್ನೇ ಅವಲಂಬಿಸಿರುತ್ತದೆ.

ಗಲ್ಲರು ಐವರು ಸ್ತ್ರೀಯರನ್ನು ಗಮನವಿಟ್ಟು ನೋಡಿದ ಕಾಲದಿಂದ ಒಸಾಕದ ಪರೀಕ್ಷೆಯವರೆಗೆ ನೂರಕ್ಕೂ ಮೇಲ್ಪಟ್ಟು ವರ್ಷಗಳು ಸಂದುವು. ಅಷ್ಟು ಕಾಲ ಎಷ್ಟು ಮಂದಿ ಸೊಸೆಯಂದಿರು ಇಲ್ಲದ ಆಲಸ್ಯದ ಅಪವಾದವನ್ನು ಹೊತ್ತು ಬಾಳಿದರೋ ಲೆಕ್ಕವಿಟ್ಟವರಿಲ್ಲ. ಇಂದು ಒಂದು ರಕ್ತಪರೀಕ್ಷೆಯು ಆ ಅಪವಾದವನ್ನು ಕಳೆಯಬಲ್ಲದು. ಬಾಣಂತನವನ್ನು ಅಕ್ಕರೆಯಿಂದ ನಡೆಯಿಸುವ ಮನೆಗಳು ಕೂಸಿಗೆ ವರ್ಷ ತುಂಬುವವರೆಗೂ ತಾಯಿಯ ಮೇಲೆ ಅದೇ ಎಚ್ಚರವನ್ನು ಇಟ್ಟಿರಬೇಕು. ಆರನೆಯ ತಿಂಗಳಲ್ಲಿ ಆಕೆಯು ತನಗೆ ಕೈಲಾಗದೆಂದು ಹೇಳಿದರೆ, ಗದರಿಸುವುದಕ್ಕೆ ಮೊದಲು ವೈದ್ಯರಲ್ಲಿಗೆ ಕರೆದುಕೊಂಡುಹೋಗುವುದು ಗೃಹಸ್ಥನಿಗೂ ಅತ್ತೆಗೂ ಧರ್ಮ.